ಘಾಟಿ ಹತ್ತಲಾರದ ಕ್ಯಾಂಪರ್ ವ್ಯಾನ್‌ಗೆ ಯಾವ ಎಂಜಿನ್?

ಪ್ರಶ್ನೆ: ನಮ್ಮದು 2004ರ ಡೀಸೆಲ್ ಟೆಂಪೊ ಟ್ರಾವೆಲರ್. ಸೀಟುಗಳನ್ನು ತೆಗೆಸಿ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಕೂರಿಸಿ ಕ್ಯಾಂಪರ್ ಮಾಡಿಕೊಂಡಿದ್ದೇವೆ. ಈಚೆಗೆ ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲೂ ಏದುಸಿರು ಬಿಡುತ್ತದೆ, ಹೊಗೆ ಕಾರುತ್ತದೆ, ಆಯಿಲ್ ಕಡಿಮೆಯಾಗುತ್ತದೆ. ಇರುವ ಎಂಜಿನ್ನನ್ನೇ ಬಿಚ್ಚಿ ಕಟ್ಟೋಣ ಎನ್ನುತ್ತಾರೆ ಊರಿನ ಮೆಕ್ಯಾನಿಕ್. ಬೆಂಗಳೂರಿನ ವ್ಯಾಪಾರಿಯೊಬ್ಬರು ಹಳೆಯದನ್ನು ಪಡೆದು ರೀಬಿಲ್ಟ್ (ಬಿಚ್ಚಿ ಮತ್ತೆ ಕಟ್ಟಿದ) ಎಂಜಿನ್ ಕೊಡುತ್ತಾರಂತೆ. ಗುಜರಿಯಲ್ಲಿ ಅದರ ಅರ್ಧ ಬೆಲೆಗೆ ಓಡುವ ಎಂಜಿನ್ ಇದೆ. ಯಾವುದು ಸರಿ?
— ಓದುಗರು, ಮೂಡಿಗೆರೆ

ಉತ್ತರ: ಹೊಗೆಯ ಬಣ್ಣ ಯಾವುದೆಂದು ನೀವು ಬರೆದಿಲ್ಲ. ಬರೆದಿದ್ದರೆ ನನ್ನ ಅರ್ಧ ಕೆಲಸ ಮುಗಿಯುತ್ತಿತ್ತು. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಅಥವಾ ವಾಲ್ವ್ ಸೀಲ್ ಸವೆದಿದೆ. ಕಪ್ಪು ಹೊಗೆಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್, ಇಂಜೆಕ್ಟರ್, ಪಂಪ್ ನೋಡಿಸಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪದರ) ಮೇಲೆ ಅನುಮಾನ. ಎರಡು ಇಂಜೆಕ್ಟರ್ ಬದಲಿಸಿದರೆ ಸರಿಹೋಗುವ ವ್ಯಾನಿಗೆ ಎಂಜಿನ್ನನ್ನೇ ಬದಲಿಸಿದವರು ಮಲೆನಾಡಿನಲ್ಲಿ ಕಡಿಮೆ ಇಲ್ಲ. ಇನ್ನೊಂದು ಮಾತು: ಸಾವಿರ ಮೀಟರ್ ಎತ್ತರದಲ್ಲಿ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಡೀಸೆಲ್ ಎಂಜಿನ್ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ಶಕ್ತಿಯನ್ನು ಗಾಳಿಯ ಕೊರತೆಯಿಂದಲೇ ಕಳೆದುಕೊಳ್ಳುತ್ತದೆ. ಅದಕ್ಕೆ ಯಾವ ಮೆಕ್ಯಾನಿಕ್ಕೂ ಹೊಣೆಯಲ್ಲ.

ಹಾಗಾಗಿ ಮೊದಲು ಕಂಪ್ರೆಷನ್ ಪರೀಕ್ಷೆ (ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬ ಅಳತೆ) ಮಾಡಿಸಿ. ನಿಮ್ಮ ವ್ಯಾನಿನ 2.4 ಲೀಟರ್ ಎಂಜಿನ್ ಮರ್ಸಿಡಿಸ್‌ನ ಓಎಂ 616 ವಂಶದ್ದು, ನಾಲ್ಕು ಸಿಲಿಂಡರಿನದು. ನಾಲ್ಕರ ಒತ್ತಡವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗೆ ಕೆಲಸವಿದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಮಗುಚಿಡಿ. ಒಂದಿಷ್ಟು ನಡುಗಿದರೆ ಚಿಂತೆಯಿಲ್ಲ. ಎದ್ದು ಹಾರಿ ಬಿದ್ದರೆ ರಿಂಗ್‌ಗಳ ಆಯುಸ್ಸು ಮುಗಿದಿದೆ. ಈ ಎಂಜಿನ್ನಿನಲ್ಲಿ ಡೀಸೆಲ್ ಪಂಪನ್ನು ತಿರುಗಿಸುವುದು ಟೈಮಿಂಗ್ ಚೈನ್. ಚೈನ್ ಹಿಗ್ಗಿದರೆ ಡೀಸೆಲ್ ಚಿಮ್ಮುವ ಹೊತ್ತು ತಡವಾಗಿ ಎಳೆತ ಕುಗ್ಗುತ್ತದೆ. ಅದನ್ನೂ ಅಳೆಯಿಸಿ.

ಎಂಜಿನ್ ನಿಜಕ್ಕೂ ಹೋಗಿದೆ ಎಂದಾದರೆ ಮಾತ್ರ ನಿಮ್ಮ ಮೂರು ಆಯ್ಕೆಗಳ ಮಾತು. ಗುಜರಿಯದನ್ನು ಬಿಟ್ಟುಬಿಡಿ. ಸ್ಟ್ಯಾಂಡಿನ ಮೇಲೆ ಹತ್ತು ನಿಮಿಷ ಚೆಂದವಾಗಿ ಓಡುವ ಎಂಜಿನ್, ತುಂಬಿದ ವ್ಯಾನನ್ನು ಎಳೆದುಕೊಂಡು ಘಾಟಿಯ ತಲೆಯ ಕೊಟ್ಟಿಗೆಹಾರ ಮುಟ್ಟುತ್ತದೆಯೇ ಎಂಬುದನ್ನು ಹೇಳುವುದಿಲ್ಲ.

ಉಳಿದ ಎರಡರಲ್ಲಿ ನನ್ನ ಒಲವು ನಿಮ್ಮದೇ ಎಂಜಿನ್ನನ್ನು ಕಟ್ಟಿಸುವ ಕಡೆಗೆ, ಬ್ಲಾಕ್ ಒಡೆದಿಲ್ಲ, ಕ್ರ್ಯಾಂಕ್‌ಶಾಫ್ಟ್‌ನಲ್ಲಿ (ಪಿಸ್ಟನ್‌ಗಳು ತಿರುಗಿಸುವ ದಂಡ) ಇನ್ನೂ ಗ್ರೈಂಡಿಂಗ್‌ಗೆ, ಅಂದರೆ ಉಜ್ಜಿ ತೆಳುವಾಗಿಸಲು, ಎಡೆ ಇದೆ ಎಂದಾದರೆ. ಎಷ್ಟು ಬಿಸಿ ಕಂಡಿದೆ, ಎಲ್ಲಿ ಸೋರಿದೆ ಎಂಬ ಚರಿತ್ರೆ ನಿಮಗೆ ಗೊತ್ತು. ಎಂಜಿನ್ ನಂಬರ್ ಬದಲಾಗುವುದಿಲ್ಲ. ಆದರೆ ಕೆಲಸ ಊರಿನ ಮೆಕ್ಯಾನಿಕ್ ಕೈಯಲ್ಲಷ್ಟೇ ಇಲ್ಲ; ಬೋರಿಂಗ್, ಗ್ರೈಂಡಿಂಗ್ ಮಾಡುವ ಲೇತ್ ಅಂಗಡಿಯ ಕೈಯಲ್ಲಿದೆ. ಕ್ರ್ಯಾಂಕಿನ ಜರ್ನಲ್ (ಬೇರಿಂಗ್ ಕೂರುವ ನಯವಾದ ಭಾಗ) ಮೇಲೆ ಉಗುರು ಎಳೆದಾಗ ಗೀರಿಗೆ ಸಿಕ್ಕಿಕೊಂಡರೆ ಗ್ರೈಂಡಿಂಗ್ ತಪ್ಪಿದ್ದಲ್ಲ. ಅದು ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಹೆಜ್ಜೆಯಲ್ಲಿ ನಡೆಯುತ್ತದೆ: 0.25, 0.50, 0.75. ಕೊನೆಯ ಹೆಜ್ಜೆ ಮುಗಿದಿದ್ದರೆ ಆ ಕ್ರ್ಯಾಂಕ್ ಬೇಡ.

ಬೆಂಗಳೂರಿನ ಎಂಜಿನ್ನೇ ಬೇಕೆನಿಸಿದರೆ ಬೆಳ್ಳಿ ಬಣ್ಣಕ್ಕೆ ಮರುಳಾಗಬೇಡಿ. ‘ರೀಬಿಲ್ಟ್’ ಎಂದು ಹೇಳಲು ಲೈಸೆನ್ಸ್ ಬೇಕಿಲ್ಲ. ಹೊಸ ರಿಂಗ್ ತೊಡಿಸಿ, ಗ್ಯಾಸ್ಕೆಟ್ ಕಿಟ್ ಹಾಕಿ, ಸ್ಪ್ರೇ ಹೊಡೆದದ್ದೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಕೇಳಬೇಕಾದದ್ದು ಅಳತೆಯ ಚೀಟಿ: ನಾಲ್ಕೂ ಬೋರ್‌ಗಳ ಅಳತೆ, ಪಿಸ್ಟನ್ ಯಾವ ಓವರ್‌ಸೈಜ್ (ಮೂಲಕ್ಕಿಂತ ಎಷ್ಟು ದಪ್ಪ), ಕ್ರ್ಯಾಂಕ್ ಯಾವ ಅಂಡರ್‌ಸೈಜ್ (ಎಷ್ಟು ಸಣ್ಣ), ಹೆಡ್ಡನ್ನು ಒತ್ತಡ ಹಾಕಿ ಬಿರುಕಿಗೆ ಪರೀಕ್ಷಿಸಿದ್ದಾರೆಯೇ, ಬಿಸಿ ಎಂಜಿನ್ನಿನಲ್ಲಿ ಆಯಿಲ್ ಒತ್ತಡ ಎಷ್ಟು. ಕೊಡಲು ಮೀನಮೇಷ ಎಣಿಸಿದರೆ ಅಲ್ಲಿಂದ ಎದ್ದು ಬನ್ನಿ. ಕೊಟ್ಟರೂ ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಿಸಿ, ಒಂದು ಬೇರಿಂಗ್ ಕ್ಯಾಪ್ ತೆಗೆಸಿ ನೋಡಿ. ಬೇರಿಂಗ್ ಷೆಲ್ಲಿನ (ಜರ್ನಲ್ ಸುತ್ತ ಕೂರುವ ಅರ್ಧ ಬಳೆ) ಬೆನ್ನಿಗೆ ಅದರ ಸೈಜನ್ನು ಅಚ್ಚೊತ್ತಿರುತ್ತಾರೆ. ಚೀಟಿಯಲ್ಲಿ 0.25 ಎಂದಿದ್ದು ಷೆಲ್ಲಿನ ಬೆನ್ನಲ್ಲಿ 0.50 ಕಂಡರೆ, ಚೀಟಿಯ ಉಳಿದ ಸಾಲುಗಳನ್ನು ಓದುವ ಅಗತ್ಯವಿಲ್ಲ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದು ಅವರು ಹೇಳಬಹುದು. ಹಾಗಾದರೆ ಹಣ ಕೊಡುವ ಮುನ್ನ ಅವರೇ ಬಿಚ್ಚಿ ತೋರಿಸಲಿ. ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್ ಬೆಲೆಯಲ್ಲಿ ಸೇರಿವೆಯೇ ಎಂಬುದನ್ನೂ ಬಿಲ್ಲಿನಲ್ಲಿ ಬರೆಯಿಸಿ. ಅಗ್ಗದ ದರದ ಗುಟ್ಟು ಬಹುಪಾಲು ಅಲ್ಲೇ ಇರುತ್ತದೆ.

ಕ್ಯಾಂಪರಿಗೆ ಅದರದೇ ಆದ ರಗಳೆಗಳಿವೆ. ಟೂರಿಸ್ಟ್ ವ್ಯಾನ್ ದಿನಾ ಓಡುತ್ತದೆ; ನಿಮ್ಮದು ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತು ಅಕ್ಟೋಬರಿನಲ್ಲಿ ಒಮ್ಮೆಲೇ ತುಂಬಿದ ಭಾರ ಹೊತ್ತು ಘಾಟಿಗೆ ಇಳಿಯುತ್ತದೆ. ಮೂಡಿಗೆರೆಯ ಥಂಡಿಯಲ್ಲಿ ಅರ್ಧ ಖಾಲಿ ಡೀಸೆಲ್ ಟ್ಯಾಂಕಿನೊಳಗೆ ನೀರು ಹನಿಗಟ್ಟಿ ತಳ ಸೇರಿ ತುಕ್ಕು ಹಿಡಿಸುತ್ತದೆ. ಆ ತುಕ್ಕೇ ಹೊಸ ಪಂಪನ್ನೂ ತಿನ್ನುತ್ತದೆ. ಎಂಜಿನ್ ಹೊರಬಂದಾಗಲೇ ಟ್ಯಾಂಕ್ ತೊಳೆಸಿ. ಕ್ಲಚ್ ಪ್ಲೇಟ್, ಎಂಜಿನ್ ಮೌಂಟಿಂಗ್ ಆಗಲೇ ಹಾಕಿಸಿದರೆ ಕೂಲಿ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಹಳೆಯ ಎಂಜಿನ್ ಯಾಕೆ ಕೆಟ್ಟಿತು? ಬಿಸಿಯಿಂದ ಎಂದಾದರೆ ಒಳಗೆ ಕಸ ಕಟ್ಟಿಕೊಂಡ ರೇಡಿಯೇಟರನ್ನು ಹಾಗೆಯೇ ಉಳಿಸಿ ಹೊಸ ಎಂಜಿನ್ ಕೂರಿಸುವುದು ದುಡ್ಡನ್ನು ಹೊಳೆಗೆ ಸುರಿದಂತೆ. ರೇಡಿಯೇಟರನ್ನು ಬಿಚ್ಚಿಸಿ ರಾಡ್ ಹೊಡೆಸಿ (ಕೊಳವೆಗಳಲ್ಲಿ ಸಲಾಕೆ ಆಡಿಸಿ ಕಸ ತೆಗೆಸಿ), ಥರ್ಮೋಸ್ಟ್ಯಾಟ್ ಮತ್ತು ಮುಚ್ಚಳ ಹೊಸದು ಹಾಕಿಸಿ. ಮುಚ್ಚಳ ಚಿಲ್ಲರೆ ಸಾಮಾನೆಂದು ಕಡೆಗಣಿಸಬೇಡಿ. ನಿಮ್ಮ ಎತ್ತರದಲ್ಲಿ ತೆರೆದ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಒತ್ತಡ ಹಿಡಿದಿಟ್ಟು ಕುದಿಯುವ ಮಟ್ಟವನ್ನು ಮೇಲೇರಿಸುವುದು ಆ ಮುಚ್ಚಳ. ತೋಡಿನ ನೀರು ಬೇಡ, ಕೂಲೆಂಟ್ ಹಾಕಿ.

ಇಷ್ಟಕ್ಕೆಲ್ಲ ಕೈಹಾಕುವ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ವ್ಯಾನಿನ ಕೆಳಗೆ ನುಗ್ಗಿ. ಚಾಸಿಸ್ಸನ್ನು ಅಲ್ಲಲ್ಲಿ ಕುಟ್ಟಿ ನೋಡಿ. ಸ್ಕ್ರೂಡ್ರೈವರ್ ಒಳಗಿಳಿದರೆ ಎಂಜಿನ್ ಯೋಚನೆ ಕೈಬಿಡಿ. 15 ವರ್ಷ ದಾಟಿದ ಖಾಸಗಿ ವಾಹನಕ್ಕೆ ನೋಂದಣಿ ನವೀಕರಣ 5 ವರ್ಷಕ್ಕೊಮ್ಮೆ, ಅದೂ ತಪಾಸಣೆಯಲ್ಲಿ ಪಾಸಾದರೆ. ನಿಮ್ಮ ಆರ್‌ಸಿಯ ಅವಧಿ ಎಂದಿಗೆ ಮುಗಿಯುತ್ತದೆ ಎಂದು ನೋಡಿಕೊಂಡೇ ಮುಂಗಡ ಕೊಡಿ.

ಪ್ರಶ್ನೆ: ವ್ಯಾನಿನ ಎಂಜಿನ್ ಕಟ್ಟಿಸಿದ್ದೇವೆ. ಸಾವಿರ ಕಿಲೋಮೀಟರ್ ಆಗುವವರೆಗೆ 40ರ ವೇಗ ದಾಟಬೇಡಿ, ದಿನಾ ಬೆಳಿಗ್ಗೆ ಅರ್ಧ ಗಂಟೆ ನಿಂತಲ್ಲೇ ಓಡಿಸಿ ಎಂದಿದ್ದಾರೆ. ಸರಿಯೇ?
— ಓದುಗರು, ಬೇಲೂರು

ಉತ್ತರ: ನಿಂತಲ್ಲೇ ಓಡಿಸುವುದಂತೂ ಬೇಡವೇ ಬೇಡ. ರಿಂಗ್ ಬೋರಿಗೆ ಹೊಂದಿಕೊಳ್ಳಲು ಅದರ ಹಿಂದೆ ಅನಿಲದ ಒತ್ತಡ ಬೀಳಬೇಕು. ಭಾರವಿಲ್ಲದೆ ಓಡಿಸಿದರೆ ಬೋರ್ ನುಣ್ಣಗೆ ಹೊಳಪುಗಟ್ಟಿ ಎಂಜಿನ್ ಮುಂದೆಂದೂ ಆಯಿಲ್ ಕುಡಿಯುವುದನ್ನು ಬಿಡುವುದಿಲ್ಲ. ಬೇಲೂರು–ಹಾಸನ ರಸ್ತೆ ಈ ಕೆಲಸಕ್ಕೆ ಒಳ್ಳೆಯದು: ಮಧ್ಯಮ ವೇಗ, ಆಗಾಗ ಏರಿಸಿ ಇಳಿಸಿ, ಗೇರ್ ಬದಲಿಸುತ್ತ ಹೋಗಿ. ಶಿರಾಡಿ, ಚಾರ್ಮಾಡಿ ಸದ್ಯಕ್ಕೆ ಬೇಡ. 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಿಸಿ. ತೆಗೆದ ಫಿಲ್ಟರನ್ನು ಕೊಯ್ದು ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ನವಿರಾದ ಬೂದು ಮಸಿ ಸಹಜ. ತಾಮ್ರದ ಬಣ್ಣದ ಚೂರು ಮಿನುಗಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಎಂಜಿನ್ ಕಟ್ಟಿದವರನ್ನು ಕರೆಸಿ.

ಪ್ರಶ್ನೆ: ಬೇರೆ ನಂಬರಿನ ಎಂಜಿನ್ ಹಾಕಿಸಿದರೆ ಸಾರಿಗೆ ಕಚೇರಿಗೆ ತಿಳಿಸಲೇಬೇಕೇ?
— ಓದುಗರು, ಸಕಲೇಶಪುರ

ಉತ್ತರ: ಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇದಕ್ಕೇ ಇದೆ. ಮೊದಲೇ ಅನುಮತಿ ಪಡೆದು, ಬದಲಿಸಿದ 14 ದಿನಗಳೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ಹೊಸ ನಂಬರ್ ನಮೂದಿಸಿಕೊಳ್ಳಿ. ಹಳೆಯ ಹಾಗೂ ಹೊಸ ಎರಡೂ ನಂಬರ್ ಇರುವ ಬಿಲ್ ಇಲ್ಲದೆ ಎಂಜಿನ್ ಕೊಳ್ಳಬೇಡಿ. ಕದ್ದ ವಾಹನದ ಎಂಜಿನ್ ನಿಮ್ಮ ವ್ಯಾನಿನಲ್ಲಿ ಸಿಕ್ಕಿದರೆ ಉತ್ತರ ಹೇಳಬೇಕಾದವರು ನೀವು. ವಿಮಾ ಕಂಪನಿಗೂ ಅದೇ ವಾರ ಪತ್ರ ಕೊಟ್ಟು ಪಾಲಿಸಿಯಲ್ಲಿ ನಂಬರ್ ತಿದ್ದಿಸಿಕೊಳ್ಳಿ.