ಸಲಹೆಗಾರರ ಮೇಲೆಯೇ ಮನಸ್ಸಾದಾಗ

ಶೈಲಜಾಗೆ 41 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಗಂಡ, ಪಿಯುಸಿ ಓದುವ ಮಗಳು, ಜೊತೆಯಲ್ಲೇ ಇರುವ ಅತ್ತೆ. (ಹೆಸರು, ಉದ್ಯೋಗ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಮೊದಲು ಅವರೇ ಓದಿ, ಕೆಲವು ಕಡೆ ತಿದ್ದಿಸಿದ್ದಾರೆ.) ನನ್ನ ಹತ್ತಿರ ಬರುವ ಮೊದಲು ಅವರು ಎಂಟು ತಿಂಗಳು ಇನ್ನೊಬ್ಬ ಥೆರಪಿಸ್ಟ್ (ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವರು) ಹತ್ತಿರ ಹೋಗಿದ್ದರು.

ಕೂತ ಕೂಡಲೇ ಕೇಳಿದರು. "ಮೇಡಂ, ನನ್ನ ಕೇಸ್ ನೀವು ತಗೋತೀರಾ? ಅಲ್ಲಿಗೆ ಇನ್ನು ಹೋಗಕ್ಕಾಗಲ್ಲ."

"ಯಾಕೆ, ಅವರು ಸರಿಯಾಗಿ ನೋಡ್ತಿರಲಿಲ್ವಾ?"

"ತುಂಬಾ ಚೆನ್ನಾಗಿ ನೋಡ್ತಿದ್ರು. ಅದೇ ತೊಂದರೆ ಆಗಿರೋದು."

ಮುಂದಿನ ಮಾತು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬ್ಯಾಗಿನ ಜಿಪ್ ಎಳೆಯುವುದು, ಮುಚ್ಚುವುದು. ನಾನೂ ಅವಸರ ಮಾಡಲಿಲ್ಲ.

ತಾಯಿ ತೀರಿಕೊಂಡ ಮೇಲೆ ಶೈಲಜಾಗೆ ರಾತ್ರಿ ಎದೆ ಹೊಡೆದುಕೊಳ್ಳುವುದು, ಉಸಿರು ಸಿಕ್ಕಿದ ಹಾಗಾಗುವುದು ಶುರುವಾಗಿತ್ತು. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇತ್ತು. ಮನೆ ಡಾಕ್ಟರೇ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹೆಸರು ಬರೆದುಕೊಟ್ಟರು. ಆ ಮೊದಲ ಥೆರಪಿಸ್ಟ್ ಇವರೇ, ಐವತ್ತರ ಆಸುಪಾಸಿನವರು. ಮೂರು ತಿಂಗಳಲ್ಲಿ ನಿದ್ದೆ ಬಂತು, ಗಾಬರಿ ಕಡಿಮೆಯಾಯಿತು. ನಾಲ್ಕನೇ ತಿಂಗಳಿಂದ ಇನ್ನೇನೋ ಶುರುವಾಯಿತು.

ಸೋಮವಾರ ರಾತ್ರಿಯೇ ಕಾಟನ್ ಸೀರೆಗೆ ಇಸ್ತ್ರಿ ಹಾಕಿಡುವುದು. ಮಂಗಳವಾರ ಬ್ಯಾಂಕಿನಲ್ಲಿ ಒಂದು ಗಂಟೆ ಪರ್ಮಿಷನ್. "ಅಮ್ಮ, ಮಂಗಳವಾರ ಮಾತ್ರ ಯಾಕೆ ಹೂ ಮುಡಿತೀಯ?" ಅಂತ ಮಗಳು ಕೇಳಿದಾಗ ಕೈಕಾಲು ತಣ್ಣಗಾಯಿತಂತೆ. ಬ್ಯಾಂಕಿನಲ್ಲಿ ಏನೇ ನಡೆಯಲಿ, ಅದನ್ನು ಆ ಥೆರಪಿಸ್ಟ್‌ಗೆ ಹೇಗೆ ಹೇಳೋಣ ಅಂತ ಮನಸ್ಸಿನಲ್ಲೇ ಜೋಡಿಸಿಕೊಳ್ಳುವುದು. ರಾತ್ರಿ ವಾಟ್ಸಾಪ್‌ನಲ್ಲಿ ಉದ್ದಕ್ಕೆ ಟೈಪ್ ಮಾಡಿ ಅಳಿಸಿಹಾಕುವುದು. ಫೇಸ್‌ಬುಕ್‌ನಲ್ಲಿ ಅವರ ಹೆಂಡತಿಯ ಫೋಟೊ ಹುಡುಕಿ, ದೊಡ್ಡದು ಮಾಡಿ ನೋಡುವುದು. ಇದನ್ನು ಹೇಳುವಾಗ ಶೈಲಜಾ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟಾಗ ಥೆರಪಿಸ್ಟ್ ಖುಷಿಯಿಂದ ತೆಗೆದುಕೊಂಡರು. ಮುಂದಿನ ತಿಂಗಳು ಶೈಲಜಾ ಒಂದು ದುಬಾರಿ ಪೆನ್ನು ಕೊಂಡು ಒಯ್ದರು. ಅವರು ಮುಟ್ಟಲಿಲ್ಲ. "ಎಳ್ಳುಬೆಲ್ಲ ಹಬ್ಬದ್ದು, ತಗೊಂಡೆ. ಇದು ಬೇಡ. ಇದನ್ನ ಕೊಡಬೇಕು ಅಂತ ನಿಮಗೆ ಯಾಕೆ ಅನ್ನಿಸ್ತು, ಅದರ ಬಗ್ಗೆ ಮಾತಾಡೋಣ್ವಾ?" ಅಂದರು. "ಸುಮ್ನೆ ತಂದೆ ಸರ್" ಅಂದು ಎದ್ದು ಬಂದವರು ಮತ್ತೆ ಆ ಕಡೆ ಹೋಗಿರಲಿಲ್ಲ. ಐದು ವಾರವಾಗಿತ್ತು. ರಾತ್ರಿಯ ಗಾಬರಿ ಮತ್ತೆ ತಲೆ ಎತ್ತಿತ್ತು.

"ನನ್ನ ಗಂಡ ಒಳ್ಳೆಯವರು ಮೇಡಂ. ಒಂದು ದಿನ ಕೈ ಎತ್ತಿದವರಲ್ಲ, ಕುಡಿಯೋರಲ್ಲ. ನಾನು ಕೆಟ್ಟವಳಾ?"

ಈ ಪ್ರಶ್ನೆಯನ್ನು ನಾನು ಇನ್ನೂ ಹಲವು ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಹಾಗಾಗಿಯೇ ಈ ಪ್ರಕರಣ ಬರೆಯುತ್ತಿರುವುದು. ನನ್ನ ಉತ್ತರ: ಅಲ್ಲ. ಖಂಡಿತ ಅಲ್ಲ.

ಸ್ವಲ್ಪ ಯೋಚಿಸಿ ನೋಡಿ. ನಮ್ಮಲ್ಲಿ ನಲವತ್ತು ದಾಟಿದ ಹೆಂಗಸಿನ ಮಾತನ್ನು ಮುಕ್ಕಾಲು ಗಂಟೆ ಯಾರು ಕೂತು ಕೇಳುತ್ತಾರೆ? ಮನೆಯಲ್ಲಿ ಅವಳು ಬಾಯಿ ತೆಗೆದರೆ ನಡುವೆ ಕುಕ್ಕರ್ ಕೂಗುತ್ತದೆ, ಅತ್ತೆ ಕರೆಯುತ್ತಾರೆ, ಗಂಡ ಫೋನ್ ನೋಡುತ್ತಾ "ಹ್ಞೂಂ" ಅನ್ನುತ್ತಾರೆ. ಥೆರಪಿ ಕೋಣೆಯಲ್ಲಿ ಒಬ್ಬರು ಫೋನ್ ಪಕ್ಕಕ್ಕಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾರೆ. ತಪ್ಪು ಹುಡುಕುವುದಿಲ್ಲ. ಹೋದ ವಾರ ಹೇಳಿದ್ದು ಈ ವಾರ ಅವರಿಗೆ ನೆನಪಿರುತ್ತದೆ. ಬರಗಾಲದ ನೆಲಕ್ಕೆ ಮಳೆ ಬಿದ್ದ ಹಾಗೆ. ಹಸಿರು ಮೂಡುವುದು ನೆಲದ ತಪ್ಪಾಗುತ್ತಾ?

ಇನ್ನೊಂದು ವಿಷಯವೂ ಇದೆ. ಥೆರಪಿಸ್ಟ್ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ. ಅವರು ಮನೆಯಲ್ಲಿ ಹೇಗೆ ರೇಗುತ್ತಾರೆ, ತಟ್ಟೆ ತೊಳೆಯುತ್ತಾರಾ, ಕರೆಂಟ್ ಬಿಲ್ ಕಟ್ಟಲು ಮರೆಯುತ್ತಾರಾ, ಇದ್ಯಾವುದೂ ಕಾಣುವುದಿಲ್ಲ. ಆ ಖಾಲಿ ಜಾಗವನ್ನು ಮನಸ್ಸು ತನಗೆ ಬೇಕಾದ್ದರಿಂದ ತುಂಬಿಕೊಳ್ಳುತ್ತದೆ. ಎಷ್ಟೋ ಸಲ ಚಿಕ್ಕಂದಿನಿಂದ ಬೇಕಿದ್ದು ಸಿಗದೇ ಹೋದದ್ದನ್ನೇ ತಂದು ಅಲ್ಲಿಡುತ್ತದೆ. ನಮ್ಮ ವೃತ್ತಿಯಲ್ಲಿ ಇದನ್ನು ಟ್ರಾನ್ಸ್‌ಫರೆನ್ಸ್ ಅನ್ನುತ್ತೇವೆ. ಇದು ಯಾವಾಗಲೂ ಪ್ರೇಮವೇ ಆಗಬೇಕಿಲ್ಲ. ಥೆರಪಿಸ್ಟ್ ಹೆಂಗಸಾಗಿದ್ದಾಗ ಅಮ್ಮನ ಹಂಬಲವಾಗಿಯೂ ಬರುತ್ತದೆ. ತನಗಿಂತ ಮೊದಲು ಒಳಗೆ ಹೋಗುವ ಹುಡುಗಿಯನ್ನು ಕಂಡರೆ ಹೊಟ್ಟೆ ಉರಿಯುತ್ತದೆ ಅಂತ ಅತ್ತವರನ್ನು ನೋಡಿದ್ದೇನೆ. ಥೆರಪಿಸ್ಟ್ ಎರಡು ವಾರ ರಜೆ ಹಾಕಿದರೆ ಕೈಬಿಟ್ಟರು ಅಂತ ಮುನಿಸಿಕೊಳ್ಳುವವರೂ ಇದ್ದಾರೆ.

ಮಾತಿನ ಚಿಕಿತ್ಸೆ ಹುಟ್ಟಿದಾಗಿನಿಂದಲೂ ಇದು ಇದೆ. 1915ರಲ್ಲಿ, ಈ ಚಿಕಿತ್ಸೆಗೆ ತಳಪಾಯ ಹಾಕಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಇದೇ ವಿಷಯದ ಮೇಲೆ ಒಂದು ಲೇಖನ ಬರೆದರು. ಚಿಕಿತ್ಸೆಗೆ ಬಂದ ಹೆಣ್ಣುಮಗಳಿಗೆ ವೈದ್ಯನ ಮೇಲೆ ಪ್ರೀತಿ ಹುಟ್ಟಿದರೆ ವೈದ್ಯ ಏನು ಮಾಡಬೇಕು? ಇದು ತನ್ನ ರೂಪ ಗುಣಕ್ಕೆ ಒಲಿದದ್ದು ಅಂದುಕೊಳ್ಳಬಾರದು, ಚಿಕಿತ್ಸೆಯ ಸನ್ನಿವೇಶವೇ ಇದನ್ನು ಹುಟ್ಟಿಸುತ್ತದೆ ಅಂದರು. ಆಕೆಯ ಬಾಯಿ ಮುಚ್ಚಿಸಬಾರದು, ಆ ಪ್ರೀತಿಗೆ ಸ್ಪಂದಿಸಿ ಮುಂದುವರಿಯಲೂಬಾರದು ಅಂದರು. ಹಾಗಂತ ಆ ಪ್ರೀತಿ ಬರೀ ಸುಳ್ಳು ಅಂತ ತಳ್ಳಿಹಾಕುವ ಹಾಗೂ ಇಲ್ಲ ಅಂತ ಒಪ್ಪಿಕೊಂಡರು. ಈ ಕೊನೆಯ ಮಾತನ್ನು ನಾನು ಶೈಲಜಾಗೆ ಒತ್ತಿ ಹೇಳಿದೆ. ಅವರಿಗೆ ಆಗುತ್ತಿದ್ದ ನೋವು ನಿಜವಾದದ್ದು. "ಅದೆಲ್ಲ ಭ್ರಮೆ, ಬಿಟ್ಹಾಕಿ" ಅಂದರೆ ಯಾರಿಗೂ ಸಮಾಧಾನವಾಗುವುದಿಲ್ಲ.

ಸಲಹೆ ಕೊಡುವ ಮೊದಲು ನನಗೆ ಆ ಥೆರಪಿಸ್ಟ್ ನಡೆದುಕೊಂಡ ರೀತಿ ತಿಳಿಯಬೇಕಿತ್ತು. ಕ್ಲಿನಿಕ್ ಬಿಟ್ಟು ಹೊರಗೆ ಸಿಗೋಣ ಅಂದಿದ್ದಾರಾ? ರಾತ್ರಿ ಹೊತ್ತು ಮೆಸೇಜ್ ಮಾಡ್ತಾರಾ? ತಮ್ಮ ಸಂಸಾರದ ಗೋಳು ಹೇಳಿಕೊಂಡಿದ್ದಾರಾ? ಮೈ ಮುಟ್ಟಿದ್ದಾರಾ? "ಇದು ನಮ್ಮಿಬ್ಬರಲ್ಲೇ ಇರಲಿ" ಅಂದಿದ್ದಾರಾ? ಎಲ್ಲದಕ್ಕೂ ಇಲ್ಲ ಅಂದರು. "ನಿಮಗೆ ಫೀಸ್ ಬೇಡ ಅಂದಿದ್ದಾರಾ?" ಅಂದಾಗ ಶೈಲಜಾಗೆ ಆಶ್ಚರ್ಯ. "ಅದೂ ತಪ್ಪಾ?"

ಕಷ್ಟದಲ್ಲಿರುವವರಿಗೆ ಫೀಸ್ ಕಡಿಮೆ ಮಾಡುವುದು ಬೇರೆ. ನಾವೂ ಮಾಡುತ್ತೇವೆ. ಆದರೆ "ನಿಮ್ಮ ಹತ್ತಿರ ಹೇಗೆ ದುಡ್ಡು ತಗೊಳ್ಳಲಿ" ಅನ್ನುವ ಧಾಟಿ ಬಂದರೆ ಎಚ್ಚರವಾಗಬೇಕು. ಶೈಲಜಾಗೆ ಹಳೆಯ ಒಂದು ಪ್ರಸಂಗ ಹೇಳಿದೆ. 1904ರಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿದ್ದ ಬುರ್ಗ್‌ಹೋಲ್ಜ್ಲಿ ಮಾನಸಿಕ ಆಸ್ಪತ್ರೆಗೆ ರಷ್ಯಾದ ಸಬೀನಾ ಸ್ಪೀಲ್‌ರೈನ್ ಎಂಬ ಹುಡುಗಿ ರೋಗಿಯಾಗಿ ಬಂದಳು. ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅವಳನ್ನು ನೋಡಿಕೊಂಡವರು ಮುಂದೆ ಜಗತ್ತಿಗೇ ಹೆಸರಾದ ಮನೋವೈದ್ಯ ಕಾರ್ಲ್ ಯೂಂಗ್. ಹುಡುಗಿ ಚೇತರಿಸಿಕೊಂಡಳು, ಅಲ್ಲೇ ವೈದ್ಯಕೀಯ ಓದಿದಳು. ಆದರೆ ಇಬ್ಬರ ಸಂಬಂಧ ವೈದ್ಯ, ರೋಗಿಯ ಗಡಿ ದಾಟಿತು. ಹುಡುಗಿಯ ತಾಯಿ ಪತ್ರ ಬರೆದಾಗ ಯೂಂಗ್ ಕೊಟ್ಟ ಉತ್ತರದ ಸಾರ ಇದು: ನಾನು ಫೀಸ್ ತೆಗೆದುಕೊಂಡಿಲ್ಲ, ವೈದ್ಯನಾಗಿಯೇ ಇರಬೇಕೆಂದರೆ ಒಂದು ಭೇಟಿಗೆ ಹತ್ತು ಫ್ರಾಂಕ್ ಕೊಡಿ. ಅಷ್ಟು ದೊಡ್ಡ ಮನುಷ್ಯನೂ ತನ್ನ ಹೊಣೆಯನ್ನು ಆ ಹುಡುಗಿಯ ಮನೆಯವರ ಮೇಲೆ ಹಾಕಿದ್ದು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಸಬೀನಾ ಮುಂದೆ ತಾವೇ ಮನೋವಿಶ್ಲೇಷಕಿಯಾಗಿ (ಫ್ರಾಯ್ಡ್ ದಾರಿಯ ಚಿಕಿತ್ಸೆ ಮಾಡುವವರಾಗಿ) ಹೆಸರು ಮಾಡಿದರು.

ಶೈಲಜಾರ ಥೆರಪಿಸ್ಟ್ ಫೀಸ್ ತೆಗೆದುಕೊಳ್ಳುತ್ತಿದ್ದರು, ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದರು, ಪೆನ್ನು ಬೇಡ ಅಂದಿದ್ದರು. ಹಾಗೆ ಬೇಡ ಅಂದಾಗಲೂ ಅವಮಾನ ಮಾಡದೆ ಮಾತಿಗೆ ಕರೆದಿದ್ದರು. ಇಂಥವರನ್ನು ಬಿಡಬೇಡಿ ಅನ್ನಿಸಿತು ನನಗೆ.

ಹಾಗಾಗಿ ಕೇಸ್ ತೆಗೆದುಕೊಳ್ಳುವುದಿಲ್ಲ ಅಂದೆ. ಅವರ ಮುಖ ಬಾಡಿತು. ಕಾರಣ ಬಿಡಿಸಿ ಹೇಳಿದೆ. ಈಗ ಅಲ್ಲಿಂದ ಓಡಿಬಂದರೆ "ನನ್ನ ಮನಸ್ಸು ಕೆಟ್ಟದ್ದು" ಅನ್ನುವ ತೀರ್ಪು ಹಾಗೇ ಉಳಿದುಬಿಡುತ್ತದೆ. ನಾಳೆ ನನ್ನ ಹತ್ತಿರವೂ ಏನೋ ಒಂದು ಮುಚ್ಚಿಡುತ್ತಾರೆ. ಆ ಕೋಣೆಯಲ್ಲಿ ಹುಟ್ಟಿದ್ದನ್ನು ಆ ಕೋಣೆಯಲ್ಲೇ ಮಾತಾಡಿ ನೋಡಬೇಕು.

"ಅವರ ಮುಖ ನೋಡ್ಕೊಂಡು ಹೇಗೆ ಹೇಳ್ಲಿ ಮೇಡಂ?"

"ಮುಖ ನೋಡ್ಬೇಡಿ. ಬರ್ಕೊಂಡು ಹೋಗಿ ಓದಿ."

ಇಬ್ಬರೂ ಕೂತು ಬರೆದೆವು. ಮೊದಲು ಒಂದು ಪುಟ ಆಯಿತು, ಅದರಲ್ಲಿ ಅರ್ಧ ಕ್ಷಮೆಯೇ. "ಕ್ಷಮಿಸಿ" ಅನ್ನುವುದನ್ನೆಲ್ಲ ಹೊಡೆದುಹಾಕಿಸಿದೆ. ಉಳಿದದ್ದು ಇಷ್ಟು: "ಸರ್, ನನಗೆ ನಿಮ್ಮ ಮೇಲೆ ಮನಸ್ಸಾಗಿದೆ. ವಾರವೆಲ್ಲ ನಿಮ್ಮದೇ ಯೋಚನೆ. ಪೆನ್ನು ತಂದಿದ್ದು ಅದಕ್ಕೇ. ನಾಚಿಕೆಯಿಂದ ಬರೋದು ನಿಲ್ಲಿಸಿದೆ. ಏನು ಮಾಡ್ಬೇಕು ಗೊತ್ತಾಗ್ತಿಲ್ಲ." ಫೋನ್‌ನಲ್ಲಿ ಕಳಿಸಬೇಡಿ, ಎದುರು ಕೂತು, ಸೆಷನ್‌ನ ಶುರುವಿನಲ್ಲೇ ಓದಿ ಅಂದೆ. ಕೊನೆಯ ಐದು ನಿಮಿಷದಲ್ಲಿ ಹೇಳಿ ಎದ್ದು ಬಂದರೆ ಮುಂದಿನ ವಾರದವರೆಗೆ ಜೀವ ಹಿಂಡಿದ ಹಾಗಾಗುತ್ತದೆ. ಬೇಕಿದ್ದರೆ ನಾನೇ ಅವರಿಗೆ ಫೋನ್ ಮಾಡಿ ಸೂಚನೆ ಕೊಡುತ್ತೇನೆ ಅಂದೆ. ಬೇಡ ಅಂದರು, ಸುಮ್ಮನಾದೆ.

ಗಂಡನಿಗೆ ಹೇಳಬೇಕಾ ಅನ್ನುವುದು ಅವರ ಇನ್ನೊಂದು ದಿಗಿಲು. ಹೇಳಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನಸ್ಸಿನಲ್ಲಿ ಮೂಡಿದ್ದಕ್ಕೆಲ್ಲ ಮನೆಯಲ್ಲಿ ತಪ್ಪೊಪ್ಪಿಗೆ ಕೊಡಬೇಕಾಗಿಲ್ಲ. ಅರ್ಧ ಅರ್ಥವಾದ ಮಾತು ಮನೆಯಲ್ಲಿ ಬೆಂಕಿ ಹಚ್ಚಬಹುದು. ಆದರೆ "ನನಗೆ ನಿಮ್ಮಿಂದ ಯಾವುದು ಸಿಗ್ತಿಲ್ಲ" ಅನ್ನುವುದನ್ನು ಗಂಡನಿಗೆ ಹೇಳಲು ಶುರುಮಾಡಿ ಅಂದೆ. ಫೇಸ್‌ಬುಕ್‌ನಲ್ಲಿ ಆ ಮನೆಯವರ ಫೋಟೊ ನೋಡುವುದನ್ನು ಅವತ್ತಿನಿಂದಲೇ ನಿಲ್ಲಿಸಲು ಹೇಳಿದೆ. ಅದರಿಂದ ಬರೀ ಉರಿ ಜಾಸ್ತಿಯಾಗುತ್ತದೆ.

ಶೈಲಜಾ ಹೋದರು, ಓದಿದರು. ಥೆರಪಿಸ್ಟ್ ನಗಲಿಲ್ಲ, ಗಾಬರಿಯೂ ಆಗಲಿಲ್ಲವಂತೆ. "ಇದನ್ನ ಹೇಳೋಕೆ ತುಂಬಾ ಧೈರ್ಯ ಬೇಕು. ನಮ್ಮ ಮಧ್ಯೆ ಈ ಕೋಣೆಯ ಸಂಬಂಧ ಬಿಟ್ಟು ಬೇರೆ ಯಾವುದೂ ಯಾವತ್ತೂ ಇರಲ್ಲ. ಆದರೆ ನಿಮ್ಮನ್ನ ನೋಡೋದನ್ನ ನಾನು ನಿಲ್ಲಿಸಲ್ಲ. ಇದನ್ನ ಇಬ್ರೂ ಸೇರಿ ಅರ್ಥ ಮಾಡ್ಕೊಳೋಣ" ಅಂದರಂತೆ. ಶೈಲಜಾಗೆ ಸಮಾಧಾನಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಎರಡು ಮಂಗಳವಾರ ಹೋಗಲಿಲ್ಲ. ನನಗೆ ಫೋನ್ ಮಾಡಿ ಅತ್ತರು. ಬೇಡ ಅನ್ನಿಸಿಕೊಂಡ ನೋವು ಅದು, ಬರಲೇಬೇಕಿತ್ತು. "ಈ ಸಿಟ್ಟನ್ನೂ ಅವರಿಗೇ ಹೇಳಿ" ಅಂದೆ. ಮೂರನೇ ವಾರ ಹೋದರು.

ಆಮೇಲೆ ಅಲ್ಲಿ ಮಾತು ಅಪ್ಪನ ಕಡೆ ತಿರುಗಿತು. ಶೈಲಜಾರ ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಊರ ಮಕ್ಕಳ ಜೊತೆ ಮಾತೋ ಮಾತು. ಮನೆಗೆ ಬಂದರೆ ಮಗಳಿಗೆ "ಊಟ ಆಯ್ತಾ" ಬಿಟ್ಟರೆ ಇನ್ನೊಂದು ಮಾತಿಲ್ಲ. ಅಪ್ಪ ತನ್ನ ಕಡೆ ತಿರುಗಿ ಇನ್ನೊಂದು ಪ್ರಶ್ನೆ ಕೇಳಲಿ ಅಂತ ಬಾಗಿಲ ಹತ್ತಿರ ಕಾಯುತ್ತಿದ್ದದ್ದು ನಲವತ್ತೊಂದರಲ್ಲಿ ನೆನಪಾಯಿತು. ಅದನ್ನು ಅವರು ಹೇಳಿದಾಗ ನನ್ನ ಕಣ್ಣೂ ತುಂಬಿತು.

ಎಲ್ಲವೂ ಸರಿಹೋಗಿಬಿಟ್ಟಿಲ್ಲ. ರಾತ್ರಿ ಊಟ ಆದಮೇಲೆ ಗಂಡನನ್ನು ವಾಕಿಂಗ್‌ಗೆ ಕರೆದುಕೊಂಡು ಹೋಗುತ್ತಾರೆ. ಆತ ಕೆಲವು ದಿನ ಸುಮ್ಮನೇ ನಡೆಯುತ್ತಾರೆ, ಕೆಲವು ದಿನ ಮಾತಾಡುತ್ತಾರೆ. ಥೆರಪಿಸ್ಟ್ ಮೇಲಿನ ಸೆಳೆತ ಪೂರ್ತಿ ಹೋಗಿಲ್ಲ, ಆದರೆ ಅದು ಈಗ ಅವರನ್ನು ಆಳುತ್ತಿಲ್ಲ. ಗಾಬರಿ ಇಳಿದಿದೆ. ಭೇಟಿ ಎರಡು ವಾರಕ್ಕೊಮ್ಮೆ ಆಗಿದೆ, ಯಾವಾಗ ನಿಲ್ಲಿಸುವುದು ಅಂತ ಇಬ್ಬರೂ ಮಾತಾಡುತ್ತಿದ್ದಾರೆ.

ಹೊರಗೆ ಸಿಗೋಣ ಅಂದರಾ, ಮುಟ್ಟಿದರಾ ಅನ್ನುವ ನನ್ನ ಪ್ರಶ್ನೆಗಳಿಗೆ "ಹೌದು" ಅನ್ನುವವರೂ ಬರುತ್ತಾರೆ. ಅವರಿಗೆ ನನ್ನ ಸಲಹೆ ಪೂರ್ತಿ ಬೇರೆ. ಥೆರಪಿಸ್ಟ್ ಹೊರಗೆ ಕರೆದಿದ್ದರೆ, ಮುಟ್ಟಿದ್ದರೆ, ಪ್ರೀತಿಯ ಮಾತಾಡಿದ್ದರೆ, ಅವರೊಬ್ಬರ ಮುಂದೆಯೇ ಕೂತು ಬಗೆಹರಿಸಲು ಹೋಗಬೇಡಿ. ಮೊದಲು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿ. ನೀವೇ ಮೊದಲು ಮನಸ್ಸು ತೋರಿಸಿದ್ದರೂ ಸರಿ, ಗಡಿ ಕಾಯುವ ಹೊಣೆ ಪೂರ್ತಿ ಅವರದ್ದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನಿಯಮದಲ್ಲಂತೂ ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಎರಡು ವರ್ಷ ಲೈಂಗಿಕ ಸಂಬಂಧ ಕೂಡದು. ಆಮೇಲೂ ಅದರಿಂದ ಚಿಕಿತ್ಸೆಗೆ ಬಂದಿದ್ದವರಿಗೆ ಅನ್ಯಾಯವಾಗಿಲ್ಲ ಅಂತ ತೋರಿಸುವ ಭಾರ ಥೆರಪಿಸ್ಟ್ ಮೇಲೆಯೇ.

ಮೆಸೇಜ್, ಕಾಲ್ ವಿವರ, ರಸೀದಿ ಯಾವುದನ್ನೂ ಅಳಿಸಬೇಡಿ. ತಾರೀಕು ಹಾಕಿ ನಡೆದದ್ದನ್ನು ಬರೆದಿಡಿ. ಆಸ್ಪತ್ರೆಯಲ್ಲಿ ನಡೆದಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಅಲ್ಲಿನ ಮುಖ್ಯಸ್ಥರಿಗೆ ದೂರು ಕೊಡಬಹುದು. ಅವರು ಸರಿಯಾಗಿ ನೋಡದಿದ್ದರೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ, ಅಲ್ಲಿಂದ ರಾಜ್ಯ ಪ್ರಾಧಿಕಾರಕ್ಕೆ ಹೋಗಬಹುದು. ಮನೋವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಅವರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿಗೆ ಬರೆಯಿರಿ. ಮೈಮೇಲೆ ಕೈ ಹಾಕಿದ್ದರೆ ಅದು ಪೊಲೀಸ್ ಕೇಸು. ಮಹಿಳಾ ಸಹಾಯವಾಣಿ 181. ಯಾರ ಹತ್ತಿರ ಮೊದಲು ಬಾಯಿ ಬಿಡಲಿ ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ದೂರು ಕೊಡಲು ಹೋಗುವಾಗ ಅಕ್ಕನೋ, ಗೆಳತಿಯೋ, ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.