ಸೇವಾ ಕ್ಲಬ್ ಒಂದು ಶಾಲೆಯ ಜೊತೆ ನಿಲ್ಲಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಸೇವಾ ಕ್ಲಬ್ ನಗರದ ನಟ್ಟನಡುವೆ, ಬಡ ಕುಟುಂಬಗಳೇ ಜಾಸ್ತಿ ಇರುವ ಜಾಗದ ಒಂದು ಪ್ರಾಥಮಿಕ ಶಾಲೆಗೆ ನೆರವಾಗಬೇಕು ಅಂತಿದೆ. ವರ್ಷಕ್ಕೊಮ್ಮೆ ಬ್ಯಾಗು, ನೋಟ್‌ಬುಕ್ಕು ಹಂಚಿದರೆ ಸಾಕಾ, ಇನ್ನೇನಾದರೂ ಮಾಡಬೇಕಾ ಅಂತ ಕೇಳಿದ್ದೀರಿ.

ಹಂಚುವುದು ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಕ್ಲಬ್ಬಿನವರೆಲ್ಲ ಕೂತು ಒಂದು ವಿಷಯ ತೀರ್ಮಾನ ಮಾಡಿ: ಆ ಶಾಲೆಯ ಜೊತೆ ಎಷ್ಟು ವರ್ಷ ಇರುತ್ತೀರಿ? ನಾನೂ ಇಂಥ ಒಂದು ಕ್ಲಬ್ಬಿನಲ್ಲಿದ್ದೇನೆ. ಇಂಥದ್ದೇ ಒಂದು ಶಾಲೆಗೆ ಹಲವು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ನಾನು ಕಂಡ ಹಾಗೆ, ಇಂಥ ಶಾಲೆಗಳಿಗೆ ಬಂದು ಕೊಟ್ಟು ಹೋಗುವವರು ಸಿಗುತ್ತಾರೆ. ಬಂದು ಉಳಿಯುವವರು ಸಿಗುವುದು ಕಷ್ಟ.

ಇದು ಯಾರೋ ಒಬ್ಬರ ತಪ್ಪಲ್ಲ, ಕ್ಲಬ್ಬುಗಳು ನಡೆಯುವ ರೀತಿಯೇ ಹಾಗಿದೆ. ರೋಟರಿ 1905ರಲ್ಲಿ ಶಿಕಾಗೋದಲ್ಲಿ ಹುಟ್ಟಿತು, ಕಿವಾನಿಸ್ 1915ರಲ್ಲಿ ಡೆಟ್ರಾಯ್ಟ್‌ನಲ್ಲಿ, ಲಯನ್ಸ್ 1917ರಲ್ಲಿ ಮತ್ತೆ ಶಿಕಾಗೋದಲ್ಲಿ. ಈ ಮೂರೂ ಸೇವಾ ಸಂಸ್ಥೆಗಳಿಗೆ ನೂರು ವರ್ಷ ದಾಟಿದೆ. ಆದರೆ ಕ್ಲಬ್ಬಿನ ಅಧ್ಯಕ್ಷರ ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ರೋಟರಿ, ಲಯನ್ಸ್‌ಗಳಲ್ಲಿ ಜುಲೈ 1 ಬಂತು ಅಂದರೆ ಹೊಸ ವರ್ಷ, ಹೊಸ ಅಧ್ಯಕ್ಷರು. ಹೊಸಬರಿಗೆ ತಮ್ಮದೇ ಅಂತ ಒಂದು ಯೋಜನೆ ಬೇಕು ಅನ್ನಿಸುವುದು ಸಹಜ ಅಲ್ವಾ? ಹಾಗಾಗಿ ಹೋದ ವರ್ಷ ಲೈಬ್ರರಿ, ಈ ವರ್ಷ ಗಿಡ ನೆಡುವುದು, ಮುಂದಿನ ವರ್ಷ ಇನ್ನೊಂದು ಶಾಲೆ. ಲೈಬ್ರರಿಯ ಬೀರುವಿಗೆ ಬೀಗ ಬೀಳುತ್ತದೆ. ಅದಕ್ಕೇ ಹೇಳುವುದು, ಶಾಲೆಯ ಕೆಲಸಕ್ಕೆ ಅಂತಲೇ ಬೇರೆ ಸಮಿತಿ ಮಾಡಿ. ಅಧ್ಯಕ್ಷರು ಬದಲಾದರೂ ಅದರ ಸದಸ್ಯರೆಲ್ಲ ಒಟ್ಟಿಗೆ ಬದಲಾಗದಿರಲಿ. ಈಗ ಒಂದನೇ ತರಗತಿಗೆ ಸೇರಿದ ಮಕ್ಕಳು ಆ ಶಾಲೆ ಮುಗಿಸುವ ತನಕ ನಾವಿರುತ್ತೇವೆ ಅಂತ ಮುಖ್ಯ ಶಿಕ್ಷಕರಿಗೆ ಬರೆದುಕೊಡಿ.

ಆಮೇಲೆ ಶಾಲೆಗೆ ಹೋಗಿ, ಏನು ಬೇಕು ಅಂತ ಕೇಳಿ. ಮುಖ್ಯ ಶಿಕ್ಷಕರನ್ನು ಮಾತ್ರ ಕೇಳಿ ಎದ್ದು ಬರಬೇಡಿ. ಚಿಕ್ಕ ತರಗತಿಯ ಶಿಕ್ಷಕರ ಹತ್ತಿರ, ಆಫೀಸಿನಲ್ಲಿ ಕೂರುವ ಗುಮಾಸ್ತರ ಹತ್ತಿರ ನಿಧಾನವಾಗಿ ಮಾತಾಡಿ. ತಡವಾಗಿ ಬಂದ ಮಗು ಮೊದಲು ನಿಲ್ಲುವುದು ಗುಮಾಸ್ತರ ಮೇಜಿನ ಮುಂದೆ. ಜ್ವರ ಬಂದರೆ ಮನೆಗೆ ಫೋನ್ ಮಾಡುವವರೂ ಅವರೇ. ಯಾರ ಶೂ ಬಾಯಿ ಬಿಟ್ಟಿದೆ, ಯಾರು ಮೊನ್ನೆ ಬಾಡಿಗೆ ಕಟ್ಟಲಾಗದೆ ಮನೆ ಖಾಲಿ ಮಾಡಿದರು, ಎಲ್ಲ ಅವರಿಗೆ ಗೊತ್ತಿರುತ್ತದೆ. ಶಾಲೆಯವರು ಒಪ್ಪಿದರೆ ಅವರ ಹತ್ತಿರ ಒಂದು ಸಣ್ಣ ಮೊತ್ತ ಇಡಿ. ಶೂ, ಸ್ವೆಟರ್, ಬಸ್ ಚಾರ್ಜ್, ಏನು ಬೇಕೋ ಅದಕ್ಕೆ ಅವತ್ತೇ ಖರ್ಚಾಗಲಿ. ಲೆಕ್ಕಕ್ಕೆ ರಸೀದಿ ಇದ್ದರೆ ಸಾಕು. ಯಾವ ಮಗುವಿಗೆ ಅಂತ ಕ್ಲಬ್ಬಿಗೆ ಗೊತ್ತಾಗುವ ಅಗತ್ಯವೇ ಇಲ್ಲ.

ಒಂದೇ ಕೆಲಸ ಮಾಡುವಷ್ಟು ಶಕ್ತಿ ಇದೆ ಅಂದರೆ ಕಣ್ಣಿನ ಪರೀಕ್ಷೆ ಮಾಡಿಸಿ. 1925ರಲ್ಲಿ ಅಮೆರಿಕದ ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶದಲ್ಲಿ, ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಅವರು ಅಂಧರಿಗೆ ನೆರವಾಗಿ ಅಂತ ಕೇಳಿಕೊಂಡಿದ್ದರು. ಅಂದಿನಿಂದ ಕಣ್ಣಿನ ಕೆಲಸ ಆ ಸಂಸ್ಥೆಯ ಗುರುತೇ ಆಗಿದೆ. ನೀವು ಯಾವ ಕ್ಲಬ್ಬಿನವರಾದರೂ ಈ ಕೆಲಸ ಮಾಡಬಹುದು.

ಕಣ್ಣು ಸರಿಯಾಗಿ ಕಾಣದ ಚಿಕ್ಕ ಮಗು ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ನಾನು ನೋಡಿದ ಒಬ್ಬ ಹುಡುಗಿ ಬೋರ್ಡಿನ ಕಡೆ ತಿರುಗುತ್ತಲೇ ಇರಲಿಲ್ಲ. ಪಕ್ಕದವಳ ನೋಟ್‌ಬುಕ್ ನೋಡಿಕೊಂಡು ಬರೆಯುತ್ತಿದ್ದಳು. ಪಕ್ಕದವಳು ಬರದ ದಿನ ಇವಳ ಪುಟ ಖಾಲಿ. ಗಮನ ಇಲ್ಲ, ಸೋಮಾರಿ ಅಂತ ಹೆಸರು ಬಿದ್ದಿತ್ತು. ಕನ್ನಡಕ ಬಂದ ದಿನ ಅವಳು ತನ್ನ ಜಾಗ ಬಿಟ್ಟು ಏಳದೆ, ಎದುರಿನ ಗೋಡೆಗೆ ಅಂಟಿಸಿದ್ದ ಚಾರ್ಟುಗಳನ್ನೆಲ್ಲ ಒಂದೊಂದಾಗಿ ಜೋರಾಗಿ ಓದಿದಳು. ಶಿಕ್ಷಕಿ ಪಾಠ ನಿಲ್ಲಿಸಿ ಕೊನೆಯ ಚಾರ್ಟಿನವರೆಗೂ ಓದಲು ಬಿಟ್ಟರು.

ಈಗ ಕೈಯಲ್ಲಿ ಹಿಡಿಯುವ ಸ್ಕ್ರೀನಿಂಗ್ ಕ್ಯಾಮೆರಾಗಳು ಬಂದಿವೆ. ಸುಮಾರು ಒಂದು ಮೀಟರ್ ದೂರದಿಂದ ಕಣ್ಣಿನ ಚಿತ್ರ ತೆಗೆದರೆ ಸಾಕು, ಮಗುವಿಗೆ ಅಕ್ಷರ ಬರಬೇಕು ಅಂತಿಲ್ಲ. ಆದರೆ ಅದು ಜರಡಿ ಇದ್ದ ಹಾಗೆ, ತೊಂದರೆ ಇರಬಹುದಾದವರನ್ನು ಬೇರೆ ಮಾಡುತ್ತದೆ ಅಷ್ಟೇ. ಅವರನ್ನು ವೈದ್ಯರು ನೋಡಬೇಕು, ಕನ್ನಡಕ ಬರಬೇಕು, ಮಗು ಅದನ್ನು ಹಾಕಿಕೊಳ್ಳಬೇಕು. ಕೆಲಸ ಕೆಡುವುದು ಇಲ್ಲೇ. ಮನೆಗೆ ಒಂದು ಚೀಟಿ ಕಳಿಸಿ ಸುಮ್ನೆ ಆಗಿಬಿಡುತ್ತಾರೆ. ಒಂದು ದಿನ ರಜೆ ಹಾಕಿದರೆ ಸಂಬಳ ಹೋಗುತ್ತದೆ ಅನ್ನುವ ತಂದೆತಾಯಿ ಆ ಚೀಟಿ ಹಿಡಿದು ಆಸ್ಪತ್ರೆಗೆ ಹೋಗುವುದು ಯಾವಾಗ? ಹಾಗಾಗಿ ವೈದ್ಯರನ್ನೇ ಶಾಲೆಗೆ ಕರೆಸಿ. ಒಬ್ಬೊಬ್ಬರಿಗೂ ಎರಡು ಕನ್ನಡಕ ಮಾಡಿಸಿ, ಒಂದು ಮನೆಗೆ, ಒಂದು ಶಿಕ್ಷಕರ ಡ್ರಾಯರಿಗೆ. ಆಟದಲ್ಲಿ ಒಡೆದರೂ ಪಾಠ ತಪ್ಪುವುದಿಲ್ಲ. ಒಂದು ಕಣ್ಣಿನ ದೃಷ್ಟಿ ಮಂದವಾಗಿರುವ ತೊಂದರೆಗೆ ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಗುಣ ಜಾಸ್ತಿ. ಅದಕ್ಕೇ ಅತಿ ಚಿಕ್ಕ ತರಗತಿಯಿಂದಲೇ ಶುರು ಮಾಡಿ.

ಇನ್ನು ಓದು. ವಾಶಿಂಗ್ಟನ್‌ನಲ್ಲಿ ಮಕ್ಕಳಿಗೆ ಓದು ಕಲಿಸುತ್ತಿದ್ದ ಮಾರ್ಗರೆಟ್ ಮ್ಯಾಕ್‌ನಮಾರಾ ಅವರಿಗೆ, ಆ ಮಕ್ಕಳ ಮನೆಯಲ್ಲಿ ಸ್ವಂತದ್ದು ಅಂತ ಪುಸ್ತಕವೇ ಇಲ್ಲ ಅನ್ನುವುದು ಗೊತ್ತಾಯಿತು. 1966ರಲ್ಲಿ ಅವರು ರೀಡಿಂಗ್ ಈಸ್ ಫಂಡಮೆಂಟಲ್ ಅನ್ನುವ ಸಂಸ್ಥೆ ಶುರು ಮಾಡಿದರು. ಮಗು ತನಗೆ ಇಷ್ಟವಾದ ಪುಸ್ತಕ ತಾನೇ ಆರಿಸಿಕೊಳ್ಳಬೇಕು, ಅದು ಅದರದ್ದೇ ಆಗಬೇಕು. ನೀವೂ ಹೀಗೇ ಮಾಡಿ. ಎಲ್ಲರಿಗೂ ಒಂದೇ ಪುಸ್ತಕದ ಕಟ್ಟು ತಂದು ಹಂಚಬೇಡಿ. ಬಗೆಬಗೆಯ ಪುಸ್ತಕ ಮೇಜಿನ ಮೇಲೆ ಹರಡಿ, ಮಕ್ಕಳು ಎತ್ತಿ, ತಿರುವಿ, ವಾಪಸ್ ಇಟ್ಟು, ಇನ್ನೊಂದು ಎತ್ತಲಿ. ಅದಕ್ಕೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಮೊದಲ ಪುಟದಲ್ಲಿ ಹೆಸರನ್ನೂ ಅವರೇ ಬರೆದುಕೊಳ್ಳಲಿ.

ಪುಸ್ತಕದ ಜೊತೆ ಓದುವ ಜೊತೆಗಾರರೂ ಬೇಕು. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಅದೇ ಮಗುವಿನ ಜೊತೆ ಅರ್ಧ ಗಂಟೆ. ಮಗು ಓದಬೇಕು, ನೀವು ಕೇಳಬೇಕು. ತಡವರಿಸಿದ ಕೂಡಲೇ ಪದ ಹೇಳಿಕೊಡಬೇಡಿ, ಸ್ವಲ್ಪ ತಡೆಯಿರಿ. ಮುಖ್ಯವಾದದ್ದು ಏನಂದ್ರೆ, ಬರುತ್ತೇನೆ ಅಂದ ದಿನ ಬರಲೇಬೇಕು. ಈ ಮಕ್ಕಳಲ್ಲಿ ಕೆಲವರಿಗೆ ಮನೆ ಬದಲಾಗುತ್ತಿರುತ್ತದೆ, ಜೊತೆಗಿರುವ ದೊಡ್ಡವರೂ ಬದಲಾಗುತ್ತಿರುತ್ತಾರೆ. ನೀವು ತಪ್ಪಿಸಿದರೆ ಅವರು ಯಾಕೆ ಅಂತ ಕೇಳುವುದಿಲ್ಲ. ಮುಂದಿನ ವಾರ ಮಾತು ಕಡಿಮೆ ಮಾಡುತ್ತಾರೆ. ನಿಮ್ಮ ಸದಸ್ಯರಲ್ಲಿ ಹತ್ತು ಜನ ಕೈ ಎತ್ತಿ ನಾಲ್ಕು ಜನ ಬರುವುದಾದರೆ, ಆ ನಾಲ್ಕು ಜನರ ಹೆಸರು ಮಾತ್ರ ಶಾಲೆಗೆ ಕೊಡಿ.

ಗೈರುಹಾಜರಿ ಬಗ್ಗೆಯೂ ಶಿಕ್ಷಕರನ್ನು ವಿಚಾರಿಸಿ. ಶಾಲೆಯ ದಿನಗಳಲ್ಲಿ ಶೇ. 10ರಷ್ಟು ತಪ್ಪಿಸಿಕೊಂಡರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅಮೆರಿಕದ ಶಾಲೆಗಳಲ್ಲಿ ರೂಢಿ. ಲೆಕ್ಕ ಹಾಕಿದರೆ ತಿಂಗಳಿಗೆ ಎರಡೇ ದಿನ, ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರಣಗಳೂ ನಾವು ಊಹಿಸುವಂಥವಲ್ಲ. ಒಗೆದ ಬಟ್ಟೆ ಇಲ್ಲ ಅಂತ ಮಗು ನಾಚಿಕೆಯಿಂದ ಮನೆಯಲ್ಲೇ ಉಳಿಯುತ್ತದೆ. 2015ರಲ್ಲಿ ವರ್ಲ್‌ಪೂಲ್ ಕಂಪನಿ ಸೇಂಟ್ ಲೂಯಿಸ್ ಮತ್ತು ಕ್ಯಾಲಿಫೋರ್ನಿಯಾದ ಫೇರ್‌ಫೀಲ್ಡ್‌ನ ಶಾಲೆಗಳಿಗೆ ವಾಷಿಂಗ್ ಮೆಷಿನ್ ಕೊಡಲು ಶುರು ಮಾಡಿದ್ದು ಇದಕ್ಕೇ. ಒಂದು ಮೆಷಿನ್, ಸೋಪಿನ ಪುಡಿ, ಒಂದಷ್ಟು ಜೊತೆ ಬಟ್ಟೆ ಅಂದರೆ ಒಂದು ಕ್ಲಬ್ಬಿಗೆ ದೊಡ್ಡ ಮಾತೇನಲ್ಲ.

ಫೋಟೋ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಕೈಚಾಚಿ ತೆಗೆದುಕೊಳ್ಳುತ್ತಿರುವ ಮಗುವಿನ ಫೋಟೋ ಬೇಡವೇ ಬೇಡ. ಪತ್ರಿಕೆಗೆ ಕೊಡಲೇಬೇಕು ಅಂದರೆ ನಿಮ್ಮ ಸದಸ್ಯರು ಬೀರು ಜೋಡಿಸುತ್ತಿರುವ ಚಿತ್ರ ಕೊಡಿ. ಶಾಲೆಯ ಸುರಕ್ಷತಾ ನಿಯಮಗಳನ್ನೂ ಚಾಚೂ ತಪ್ಪದೆ ಪಾಲಿಸಿ. ಹೋಗುವವರ ಹಿನ್ನೆಲೆ ಪರಿಶೀಲನೆ ಆಗಿರಲಿ. ಮಗುವಿನ ಜೊತೆ ಕೂರುವುದು ಎಲ್ಲರಿಗೂ ಕಾಣುವ ಜಾಗದಲ್ಲಿರಲಿ.

ಒಂದೆರಡು ವರ್ಷ ಆದ ಮೇಲೆ ಮಕ್ಕಳದ್ದೇ ಒಂದು ಪುಟ್ಟ ಕ್ಲಬ್ ಮಾಡಿ. ಕಿವಾನಿಸ್‌ನವರ ಕೆ-ಕಿಡ್ಸ್ ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿಯೇ ಇರುವ ಸೇವಾ ಕ್ಲಬ್. ಏನು ಸೇವೆ ಮಾಡಬೇಕು ಅನ್ನುವುದನ್ನು ಮಕ್ಕಳೇ ಕೂತು ತೀರ್ಮಾನಿಸುತ್ತಾರೆ. ಯಾವಾಗಲೂ ತೆಗೆದುಕೊಳ್ಳುವವರಾಗಿಯೇ ಇದ್ದ ಮಗು ಕೊಡುವ ಜಾಗದಲ್ಲಿ ನಿಂತರೆ ಅದರ ನಡಿಗೆಯೇ ಬೇರೆಯಾಗುತ್ತದೆ. ನಮ್ಮ ಶಾಲೆಯ ಮಕ್ಕಳು ಮೊದಲು ಆರಿಸಿಕೊಂಡ ಕೆಲಸ, ವರ್ಷದ ಮಧ್ಯದಲ್ಲಿ ಸೇರುವ ಹೊಸ ಮಕ್ಕಳನ್ನು ಗೇಟಿನ ಹತ್ತಿರ ಕಾದು ತರಗತಿಗೆ ಕರೆದುಕೊಂಡು ಹೋಗುವುದು. ನಾವು ದೊಡ್ಡವರಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.