ಬಿಸಿನೀರು ಹುಯ್ದಾಗ ಮಾತ್ರ ಬರುವ ಫಿಟ್ಸ್

ತಲೆಗೆ ಬಿಸಿನೀರು ಹುಯ್ದಾಗ ಮಾತ್ರ ಮಗ ಕಣ್ಣು ಮೇಲೆ ಮಾಡಿ ಏನೇನೋ ತೊದಲುತ್ತಾನೆ, ಬೇರೆ ಹೊತ್ತಲ್ಲಿ ಆರಾಮಾಗಿರುತ್ತಾನೆ ಅಂದಿರಲ್ಲ, ಅದು ಬಹುಶಃ ಬಿಸಿನೀರಿನ ಫಿಟ್ಸ್. ನಮ್ಮ ಮೈಸೂರು, ಮಂಡ್ಯ ಕಡೆ ಇದು ತೀರಾ ಅಪರೂಪವಲ್ಲ, ನಮ್ಮಕ್ಕನ ಮಗನಿಗೂ ಇತ್ತು. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿ ಸುಮ್ನೆ ದಿನ ಕಳೆಯಬೇಡಿ.

ಮೊದಲು ಸ್ನಾನ ಬದಲಿಸಿ. ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿರಲಿ. ಚೊಂಬಲ್ಲಿ ಒಂದೇ ಸಮ ತಲೆ ಮೇಲೆ ಹುಯ್ಯುವುದೇ ಜಾಸ್ತಿ ತೊಂದರೆ, ಅದಕ್ಕೇ ಮೈಗೆ ಮಾತ್ರ ನೀರು ಹಾಕಿ, ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಚಿಲಕ ಹಾಕಬಾರದು, ಒಲೆಯಿಂದ ದೂರ ಕೂರಿಸಿ. ಕೆಲವು ಮಕ್ಕಳಿಗೆ ಆ ಹೊತ್ತಲ್ಲಿ ಏನೋ ಹಿತ ಅನ್ನಿಸಿ ತಾವೇ ಇನ್ನೂ ಹುಯ್ದುಕೊಳ್ಳುತ್ತಾರೆ, ಆಗ ಚೊಂಬು ಕಿತ್ತುಕೊಳ್ಳಿ.

ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಇನ್ನೊಬ್ಬರು ಜೊತೆಗಿದ್ದರೆ ಮೊಬೈಲಲ್ಲಿ ವಿಡಿಯೋ ತೆಗೆಯಲಿ, ಅದನ್ನು ನರರೋಗ ವೈದ್ಯರಿಗೆ ತೋರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಕೇಳಿ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಇಇಜಿ (ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ನಾರ್ಮಲ್ ಬಂದರೂ ಕಾಯಿಲೆ ಇಲ್ಲ ಅಂತಲ್ಲ. ಫಿಟ್ಸ್ ತಡೆಯಲು ಸ್ನಾನಕ್ಕೆ ಮುಂಚೆ ಮಾತ್ರ ನುಂಗುವ ಕ್ಲೋಬಜಾಮ್ ಮಾತ್ರೆ ಕೆಲವರಿಗೆ ಸಾಕಾಗುತ್ತದೆ, ಆದರೆ ಡೋಸ್ ವೈದ್ಯರೇ ಹೇಳಬೇಕು. ಸ್ನಾನವಿಲ್ಲದಾಗಲೂ ಒಮ್ಮೆ ಬಂದರೆ ಅದನ್ನು ತಪ್ಪದೆ ಅವರಿಗೆ ತಿಳಿಸಿ, ಆಗ ದಿನಾ ಮಾತ್ರೆ ಬೇಕಾಗಬಹುದು.